ಸಣ್ಣ ಹತಾರಗಳು ಕೆಲಸದಲ್ಲಿ ಸವೆಯುವುದಕ್ಕಿಂತ ಡಬ್ಬಿಯಲ್ಲೇ ಹಾಳಾಗುತ್ತಿವೆ

ಸಂಪಾದಕರಿಗೆ,

ಮಾನ್ಯರೇ,

ಮಳೆಗಾಲ ಹತ್ತಿರವಾದಾಗ ಛಾವಣಿಯ ಸೋರಿಕೆ, ವಿದ್ಯುತ್ ತಂತಿ, ವಾಹನದ ಟೈರು ಮುಂತಾದವುಗಳ ಮುಂಜಾಗ್ರತೆಯ ಬಗ್ಗೆ ಪತ್ರಿಕೆಗಳಲ್ಲಿ ಪ್ರತಿವರ್ಷವೂ ಉಪಯುಕ್ತ ಬರಹಗಳು ಬರುತ್ತವೆ. ಮನೆಯ ಹಿಂದಿನ ಶೆಡ್ಡಿನಲ್ಲೋ ಕಾರು ನಿಲ್ಲಿಸುವ ಜಾಗದ ಮೂಲೆಯಲ್ಲೋ ಒಂದು ಮೇಜು, ಒಂದು ವೈಸ್, ಒಂದು ಡ್ರಿಲ್ ಯಂತ್ರ ಇಟ್ಟುಕೊಂಡು ತಮ್ಮ ಮನೆಯ ಕೆಲಸವನ್ನು ತಾವೇ ಮಾಡಿಕೊಳ್ಳುವವರು ನಮ್ಮಲ್ಲಿ ಕಡಿಮೆಯೇನಿಲ್ಲ. ಆದರೆ ಅವರ ಬಳಿಯಿರುವ ಡ್ರಿಲ್ ಬಿಟ್, ಟ್ಯಾಪ್ (ರಂಧ್ರದೊಳಗೆ ತಿರುಪಿನ ಗೀರು ಕೊರೆಯುವ ಹತಾರ), ರೂಟರ್ ಕಟರ್ (ಮರದ ಅಂಚು, ತೋಡು ಕೊರೆಯುವ ಯಂತ್ರದ ಅಲಗು), ಉಳಿ, ಬ್ಲೇಡುಗಳನ್ನು ಹೇಗೆ ಇಟ್ಟುಕೊಳ್ಳಬೇಕು ಎಂಬುದನ್ನು ಯಾರೂ ಹೇಳಿಕೊಟ್ಟಂತೆ ಕಾಣುವುದಿಲ್ಲ. ಫಿಟ್ಟರ್ ಕೆಲಸದಿಂದ ನಿವೃತ್ತನಾದ ಮೇಲೆ ನೆರೆಹೊರೆಯವರ ಹತಾರಗಳಿಗೆ ಸಾಣೆ ಹಿಡಿದುಕೊಡುತ್ತಿರುವ ನಾನು ಗಮನಿಸಿದಂತೆ, ನನ್ನ ಕೈಗೆ ಬರುವ ಬಿಟ್‌ಗಳಲ್ಲಿ ಹೆಚ್ಚಿನವು ದುಡಿದು ಮೊಂಡಾದವಲ್ಲ. ಒಂದೇ ಡಬ್ಬಿಯಲ್ಲಿ ಒಂದಕ್ಕೊಂದು ಬಡಿದು ಮುಕ್ಕಾದವು, ಇಲ್ಲವೇ ತುಕ್ಕು ತಿಂದವು.

ಬಿಟ್‌ನ ಕೆಲಸವೆಲ್ಲ ನಡೆಯುವುದು ಅದರ ತುದಿಯ ಎರಡು ಅಂಚುಗಳಲ್ಲಿ. ಸಾಮಾನ್ಯ ಬಿಟ್‌ನಲ್ಲಿ ಈ ತುದಿಯ ಕೋನ 118 ಡಿಗ್ರಿ. ಅದನ್ನು ಬೆಳಕಿಗೆ ಹಿಡಿದು ನಿಧಾನವಾಗಿ ತಿರುಗಿಸಿ ನೋಡಬೇಕು. ಹರಿತವಾದ ಅಂಚು ಹೊಳೆಯುವುದೇ ಇಲ್ಲ, ಏಕೆಂದರೆ ಬೆಳಕನ್ನು ಹಿಂದಿರುಗಿಸುವಷ್ಟು ಅಗಲ ಅದಕ್ಕಿರುವುದಿಲ್ಲ. ಕೆಲಸ ಮಾಡಿ ಸವೆದ ಅಂಚು ಉದ್ದಕ್ಕೂ ಬಿಳಿಯ ಗೆರೆಯಾಗಿ ಕಾಣುತ್ತದೆ. ಡಬ್ಬಿಯಲ್ಲಿ ಪೆಟ್ಟು ತಿಂದ ಬಿಟ್‌ನಲ್ಲಿ ಆ ಗೆರೆ ಇರುವುದಿಲ್ಲ, ಬದಲಿಗೆ ಅಂಚಿನ ಹೊರಮೂಲೆಯಲ್ಲಿ ಒಂದೆರಡು ಚುಕ್ಕೆಗಳು ಮಾತ್ರ ಮಿನುಗುತ್ತವೆ. ಇಷ್ಟು ಸಣ್ಣ ಮುಕ್ಕು ಏನು ಮಾಡೀತು ಎಂದುಕೊಳ್ಳುವವರಿದ್ದಾರೆ. ಎರಡು ಅಂಚುಗಳು ಸಮನಾಗಿ ಕತ್ತರಿಸದಿದ್ದರೆ ರಂಧ್ರ ಅಳತೆಗಿಂತ ದೊಡ್ಡದಾಗುತ್ತದೆ, ಬಿಟ್ ಬಿಸಿಯೇರುತ್ತದೆ. ಕೊರೆಯುತ್ತಿಲ್ಲವೆಂದು ಮೈಭಾರ ಹಾಕಿ ಒತ್ತಿದಾಗ ತೆಳುವಾದ ಬಿಟ್ ಪಟಕ್ಕನೆ ಮುರಿದು ಯಂತ್ರ ಹಿಡಿದ ಕೈಗೆ ಗಾಯವಾಗುತ್ತದೆ. ಮರಗೆಲಸದ ರೂಟರ್ ಕಟರ್‌ಗಳ ಅಂಚಿಗೆ ಬೆಸೆದಿರುವ ಕಾರ್ಬೈಡ್ ಇನ್ನೂ ಸೂಕ್ಷ್ಮ. ಅದು ಸಾಮಾನ್ಯ ಬಿಟ್‌ಗಳನ್ನು ಮಾಡುವ ಹೈಸ್ಪೀಡ್ ಸ್ಟೀಲಿಗಿಂತ ಬಹಳ ಗಟ್ಟಿಯಾದರೂ ಪೆಡಸು. ಎರಡು ಕಟರ್‌ಗಳು ಒಂದನ್ನೊಂದು ತಾಗಿದರೂ ಅಂಚು ಚಕ್ಕೆಯೇಳಬಹುದು, ಮತ್ತು ಮನೆಯಲ್ಲಿರುವ ಬೂದುಬಣ್ಣದ ಸಾಣೆಚಕ್ರದಲ್ಲಿ ಅದನ್ನು ಸರಿಪಡಿಸಲು ಆಗುವುದಿಲ್ಲ.

ಇದಕ್ಕೆ ಬೇಕಾದ ಪರಿಹಾರ ದುಬಾರಿಯಾದುದಲ್ಲ. ಚೆನ್ನಾಗಿ ಒಣಗಿದ ಮರದ ಒಂದು ತುಂಡನ್ನು ತೆಗೆದುಕೊಂಡು, ಪ್ರತಿ ಬಿಟ್‌ಗೂ ಅದಕ್ಕಿಂತ ಅರ್ಧ ಮಿಲಿಮೀಟರ್‌ನಷ್ಟು ದೊಡ್ಡ ರಂಧ್ರವನ್ನು ಸಾಲಾಗಿ ಕೊರೆದು, ಪಕ್ಕದಲ್ಲಿ ಅಳತೆಯನ್ನು ಬರೆದರೆ ಸಾಕು. ಹಸಿ ಮರ ಮಾತ್ರ ಬೇಡ. ಅದರ ತೇವದ ಜೊತೆಗೆ ಅದು ಹೊರಬಿಡುವ ಆಮ್ಲದ ಆವಿಯೂ ಉಕ್ಕಿಗೆ ಒಳ್ಳೆಯದಲ್ಲ. ಬಿಟ್‌ಗಳನ್ನು ತುದಿ ಮೇಲಾಗಿ ನಿಲ್ಲಿಸಿದರೆ ಅಂಚಿನ ಸ್ಥಿತಿ ನೋಡಿದ ತಕ್ಷಣ ತಿಳಿಯುತ್ತದೆ. ಮಕ್ಕಳಿರುವ ಮನೆಯಲ್ಲಿ ಈ ತುಂಡನ್ನು ಬೀಗವಿರುವ ಕಪಾಟಿನೊಳಗೇ ಇಡಬೇಕು. ಇಂಥ ಸಾಲಿನ ದೊಡ್ಡ ಗುಣವೆಂದರೆ ಖಾಲಿ ರಂಧ್ರ. ಸಂಜೆ ಕೆಲಸ ಮುಗಿಸುವಾಗ ಯಾವ ಬಿಟ್ ವಾಪಸು ಬಂದಿಲ್ಲವೆಂದು ಅದೇ ತೋರಿಸುತ್ತದೆ, ಮತ್ತು ನೆಲದ ಮೇಲೆ ಉಳಿದುಹೋದ ಬಿಟ್ ಯಾರ ಕಾಲಿಗೂ ಚುಚ್ಚುವುದಿಲ್ಲ.

ಜೋಡಿಸುವ ಕ್ರಮದ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಬಿಟ್‌ಗಳೆಲ್ಲ ಒಂದು ಕಡೆ, ಟ್ಯಾಪ್‌ಗಳೆಲ್ಲ ಇನ್ನೊಂದು ಕಡೆ ಎಂದು ಜಾತಿವಾರು ವಿಂಗಡಿಸುವುದು ನೋಡಲು ಚೆನ್ನ, ಆದರೆ ಒಟ್ಟಿಗೆ ಬಳಸುವುದನ್ನು ಒಟ್ಟಿಗೇ ಇಡುವುದು ಹೆಚ್ಚು ಉಪಯುಕ್ತ. 6 ಮಿ.ಮೀ. ಬೋಲ್ಟಿಗೆ ಬೇಕಾದ ಎಂ 6 ಟ್ಯಾಪಿನ ಪಕ್ಕದಲ್ಲಿ, ಅದಕ್ಕೆ ಮೊದಲು ರಂಧ್ರ ಕೊರೆಯುವ 5 ಮಿ.ಮೀ. ಬಿಟ್, ಎಂ 5ರ ಪಕ್ಕದಲ್ಲಿ 4.2, ಎಂ 8ರ ಪಕ್ಕದಲ್ಲಿ 6.8 ಸದಾ ನಿಂತಿರಲಿ. 4.2 ಕೈಗೆ ಸಿಗಲಿಲ್ಲವೆಂದು 4 ಮಿ.ಮೀ. ಬಿಟ್‌ನಲ್ಲಿ ಕೊರೆದು ಎಂ 5 ಟ್ಯಾಪ್ ತಿರುಗಿಸಿದರೆ ಅದು ಬಿಗಿದು ಒಳಗೇ ಮುರಿಯುವ ಸಂಭವ ಹೆಚ್ಚು. ಮುರಿದ ಟ್ಯಾಪ್ ಎಷ್ಟು ಗಟ್ಟಿಯೆಂದರೆ ಅದನ್ನು ಮಾಮೂಲಿ ಬಿಟ್‌ನಿಂದ ಕೊರೆದು ತೆಗೆಯಲಾಗದು, ಕೆಲಸದ ವಸ್ತುವೇ ಕೈಬಿಟ್ಟುಹೋಗುತ್ತದೆ. ಡ್ರಿಲ್ ಯಂತ್ರದ ಬಾಯಿಯಾದ ಚಕ್ಕಿನಲ್ಲಿ ಜಾರಿ ಜಾರಿ ಹಿಡಿಯ (ಬಿಟ್‌ನ ಹಿಂಬದಿಯ ನಯವಾದ ಭಾಗದ) ಮೇಲಿನ ಅಂಕಿ ಅಳಿಸಿಹೋದ ಬಿಟ್‌ಗಳನ್ನು ವರ್ನಿಯರ್ ಅಳತೆಮಾಪಕದಿಂದ ತುದಿಯ ಬಳಿಯೇ ಅಳೆದು ಅವುಗಳ ಜಾಗಕ್ಕೆ ಸೇರಿಸಬೇಕು, ಏಕೆಂದರೆ ಅವು ಹಿಡಿಯ ಕಡೆಗೆ ಬಂದಂತೆ ಕೂದಲೆಳೆಯಷ್ಟು ಸಣ್ಣದಾಗುತ್ತವೆ. ಗೋಡೆ ಕೊರೆಯುವ ಬಿಟ್‌ಗಳಿಗೆ ಮಾತ್ರ ಬೇರೆಯದೇ ಪೆಟ್ಟಿಗೆ ಇರಲಿ. ಅವುಗಳಿಗೆ ಅಂಟಿಕೊಂಡ ಸಿಮೆಂಟು, ಮರಳಿನ ಪುಡಿ ಉಳಿದ ಹತಾರಗಳ ಅಂಚಿಗೆ ಶತ್ರು.

ರೂಟರ್ ಕಟರ್‌ಗಳ ವಿಷಯದಲ್ಲಿ ಬೆರಕೆ ನೇರವಾಗಿ ಅಪಾಯಕಾರಿ. ನಮ್ಮ ಮಾರುಕಟ್ಟೆಯಲ್ಲಿ 6 ಮಿ.ಮೀ. ಹಿಡಿಯ ಕಟರ್‌ಗಳೂ ಕಾಲು ಇಂಚಿನ, ಅಂದರೆ 6.35 ಮಿ.ಮೀ. ಹಿಡಿಯ ಕಟರ್‌ಗಳೂ ಅಕ್ಕಪಕ್ಕದಲ್ಲೇ ಸಿಗುತ್ತವೆ, ಕಣ್ಣಳತೆಗೆ ಎರಡೂ ಒಂದೇ. ಕಾಲು ಇಂಚಿನ ಕಾಲೆಟ್‌ನಲ್ಲಿ, ಅಂದರೆ ರೂಟರ್ ಯಂತ್ರ ಕಟರನ್ನು ಹಿಡಿಯುವ ಬಾಯಿಯಲ್ಲಿ, 6 ಮಿ.ಮೀ. ಹಿಡಿ ಸರಿಯಾಗಿ ಕಚ್ಚುವುದಿಲ್ಲ. ನಿಮಿಷಕ್ಕೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಸುತ್ತು ತಿರುಗುವ ಯಂತ್ರದಿಂದ ಅದು ಜಾರಿ ಹೊರಬಂದರೆ ಆಗುವ ಅನಾಹುತವನ್ನು ವಿವರಿಸಬೇಕಿಲ್ಲ. ಇವೆರಡನ್ನು ಬೇರೆ ಬೇರೆ ಬಣ್ಣ ಬಳಿದ ಎರಡು ಹಲಗೆಗಳಲ್ಲೇ ಇಡಬೇಕೆಂದು ನಾನು ಎಲ್ಲರಿಗೂ ಒತ್ತಿ ಹೇಳುತ್ತೇನೆ.

ಇನ್ನು ತುಕ್ಕು. ಗಾಳಿಯ ಆರ್ದ್ರತೆ ಶೇ 60ನ್ನು ದಾಟಿದ ಮೇಲೆ ಉಕ್ಕಿಗೆ ತುಕ್ಕು ಹಿಡಿಯುವ ವೇಗ ಹೆಚ್ಚುತ್ತದೆ, ಉಪ್ಪಿನ ಗಾಳಿಯಲ್ಲಂತೂ ಇನ್ನೂ ಬೇಗ. ಜುಲೈ ತಿಂಗಳಲ್ಲಿ ಉಡುಪಿ, ಮಂಗಳೂರಿನ ಕಡೆ ಅದು ಶೇ 80ಕ್ಕಿಂತ ಮೇಲಿರುವುದು ಸಾಮಾನ್ಯ. ತಗಡಿನ ಶೆಡ್ಡುಗಳಲ್ಲಿ ರಾತ್ರಿ ತಣ್ಣಗಾದ ಹತಾರದ ಮೇಲೆ ಬೆಳಗಿನ ತೇವದ ಗಾಳಿ ಹನಿಯಾಗಿ ಕೂರುತ್ತದೆ. ಆದ್ದರಿಂದ ಮೇ ತಿಂಗಳ ಕೊನೆಯೊಳಗೆ ಎಲ್ಲವನ್ನೂ ಒಣಬಟ್ಟೆಯಿಂದ ಒರೆಸಿ, ಹೊಲಿಗೆ ಯಂತ್ರದ ಎಣ್ಣೆಯನ್ನು ತೆಳ್ಳಗೆ ಸವರಿ, ಗಾಳಿಯಾಡದ ಮುಚ್ಚಳದ ಡಬ್ಬಿಗೆ ಸೇರಿಸುವುದು ಒಳ್ಳೆಯದು. ಜೊತೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳಿರಲಿ. ಬಣ್ಣ ಬದಲಾಗುವ ಬಗೆಯ ಸಿಲಿಕಾ ಹರಳುಗಳು ತೇವ ಕುಡಿದು ತುಂಬಿದಾಗ ಅವನ್ನು ತಟ್ಟೆಯಲ್ಲಿ ಹರಡಿ 120 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಒವನ್‌ನಲ್ಲಿ ಒಂದೆರಡು ಗಂಟೆ ಇಟ್ಟರೆ ಮತ್ತೆ ಬಳಕೆಗೆ ಬರುತ್ತವೆ. ಅಂದಕ್ಕೆಂದು ಡಬ್ಬಿಯ ತಳಕ್ಕೆ ಸ್ಪಂಜು ಹಾಸುವುದನ್ನೂ, ಉಳಿಗಳನ್ನು ವರ್ಷಗಟ್ಟಲೆ ಚರ್ಮದ ಚೀಲದಲ್ಲಿ ಬಿಡುವುದನ್ನೂ ನಾನು ಒಪ್ಪಲಾರೆ. ಸ್ಪಂಜು ತೇವವನ್ನು ಹಿಡಿದಿಡುತ್ತದೆ, ಹದಮಾಡಿದ ಚರ್ಮದಲ್ಲಿ ಉಳಿದಿರುವ ಲವಣ ಮತ್ತು ಆಮ್ಲ ಅಲಗನ್ನು ತಿನ್ನುತ್ತವೆ. ಉಳಿಯ ಬಾಯಿಗೆ ಸೀಳಿದ ಪ್ಲಾಸ್ಟಿಕ್ ನೀರಿನ ಕೊಳವೆಯ ತುಂಡೇ ಸಾಕು. ಮರಗೆಲಸದ ಕಟರ್‌ಗಳ ಎಣ್ಣೆಯನ್ನು ಬಳಸುವ ಮುನ್ನ ಪೂರ್ತಿ ಒರೆಸದಿದ್ದರೆ ಮರದ ಮೇಲೆ ಕಲೆ ಉಳಿಯುತ್ತದೆ, ಹಿಡಿಯೂ ಕಾಲೆಟ್‌ನಲ್ಲಿ ಜಾರುತ್ತದೆ.

ಅರಗಳನ್ನು ಒಂದರ ಮೇಲೊಂದು ಪೇರಿಸದೆ ನೇತುಹಾಕಬೇಕು. ಹ್ಯಾಕ್ಸಾ ಬ್ಲೇಡುಗಳಿಗೂ ಗೋಡೆಯ ಮೊಳೆಗಳೇ ಸಾಕು. ಇಂಚಿಗೆ 18, 24, 32 ಹಲ್ಲಿನವು ಬೇರೆ ಬೇರೆ ಮೊಳೆಯಲ್ಲಿದ್ದರೆ ತೆಳು ತಗಡಿಗೆ ದಪ್ಪ ಹಲ್ಲಿನ ಬ್ಲೇಡನ್ನು ಹಾಕಿ ಹಲ್ಲು ಮುರಿಯುವುದು ತಪ್ಪುತ್ತದೆ.

ಇದೆಲ್ಲವೂ ಅವರವರ ಮನೆಯ ವಿಚಾರ. ಆದರೆ ಪತ್ರಿಕೆಗೆ ಬರೆಯಲು ಮುಖ್ಯ ಕಾರಣ ಇನ್ನೊಂದಿದೆ. ಮುರಿದ ಬ್ಲೇಡು, ತುಂಡಾದ ಬಿಟ್, ಪೇಪರ್ ಕಟರಿನಿಂದ ಮುರಿದು ತೆಗೆದ ಅಲಗಿನ ಚೂರುಗಳನ್ನು ಅನೇಕರು ಮನೆಯ ಕಸದ ಚೀಲಕ್ಕೇ ಎಸೆಯುತ್ತಾರೆ. ಆ ಚೀಲವನ್ನು ಬರಿಗೈಯಲ್ಲೋ ತೆಳು ಕೈಗವಸಿನಲ್ಲೋ ಎತ್ತುವವರು, ಬಿಚ್ಚಿ ವಿಂಗಡಿಸುವವರು ನಮ್ಮ ಪೌರಕಾರ್ಮಿಕರು. ಅವರ ಬೆರಳು ಕೊಯ್ದುಕೊಳ್ಳಲು ನಮ್ಮ ಹವ್ಯಾಸ ಕಾರಣವಾಗಬಾರದು. ಮುಚ್ಚಳದಲ್ಲಿ ಸೀಳು ಮಾಡಿದ ಒಂದು ತಗಡಿನ ಡಬ್ಬಿಯನ್ನು ಮೇಜಿನ ಕಾಲಿಗೆ ಕಟ್ಟಿಟ್ಟು ಚೂರುಗಳನ್ನೆಲ್ಲ ಅದಕ್ಕೇ ಹಾಕಿ, ತುಂಬಿದ ಮೇಲೆ ಮುಚ್ಚಳಕ್ಕೆ ಟೇಪು ಸುತ್ತಿ, ಒಳಗೇನಿದೆಯೆಂದು ಹೇಳಿಯೇ ಗುಜರಿಯವರಿಗೆ ಕೊಡಬಹುದು. ಕಾರ್ಬೈಡ್ ತುದಿಗಳನ್ನು ಪ್ರತ್ಯೇಕವಾಗಿ ಕೂಡಿಟ್ಟರೆ ಅದರಲ್ಲಿರುವ ಟಂಗ್‌ಸ್ಟನ್‌ನಿಂದಾಗಿ ಕಬ್ಬಿಣಕ್ಕಿಂತ ಹೆಚ್ಚಿನ ಬೆಲೆಯೂ ಸಿಗುತ್ತದೆ. ಗುಜರಿ ಅಂಗಡಿ ಹತ್ತಿರವಿಲ್ಲದವರು ಇಂಥ ಡಬ್ಬಿಗಳನ್ನು ಯಾವ ದಿನ, ಯಾರ ಕೈಗೆ ಕೊಡಬೇಕು ಎಂಬುದನ್ನು ನಗರಸಭೆಗಳು, ಗ್ರಾಮ ಪಂಚಾಯಿತಿಗಳು ಕಸದ ವಾಹನದ ಧ್ವನಿವರ್ಧಕದಲ್ಲೇ ತಿಳಿಸುವಂತಾಗಬೇಕೆಂದು ತಮ್ಮ ಪತ್ರಿಕೆಯ ಮೂಲಕ ಕೇಳಿಕೊಳ್ಳುತ್ತೇನೆ.

ಇತಿ,
ಒಬ್ಬ ನಿವೃತ್ತ ಫಿಟ್ಟರ್, ಉಡುಪಿ