ಕುಶಾಲನಗರದಲ್ಲಿ ಸೈಕಲ್‌ಗೂ ಜಾಗ ಕೊಡಿ

ಮಾನ್ಯರೇ,

ಮಡಿಕೇರಿಯ ಏರಿನಲ್ಲಿ ಸೈಕಲ್ ತುಳಿಯುವುದು ಕಷ್ಟ, ಒಪ್ಪೋಣ. ಆದರೆ ಕುಶಾಲನಗರ ಹೆಚ್ಚುಕಡಿಮೆ ಸಮತಟ್ಟಾದ ಊರು. ಶಾಲೆ ಮಕ್ಕಳು, ಕೂಲಿ ಕೆಲಸದವರು ಇಲ್ಲಿ ಈಗಲೂ ಸೈಕಲ್ ತುಳಿಯುತ್ತಾರೆ. ಪೇಟೆಗೆ ಬಂದರೆ ನಿಲ್ಲಿಸುವುದೆಲ್ಲಿ? ಲೈಟ್ ಕಂಬಕ್ಕೆ ಚೈನ್ ಸುತ್ತಬೇಕು, ಇಲ್ಲವೇ ಬೈಕ್‌ಗಳ ಸಂದಿಯಲ್ಲಿ ತುರುಕಬೇಕು. ಯಾರೋ ಬೈಕ್ ಹಿಂದಕ್ಕೆಳೆದರೆ ಸೈಕಲ್ ದಬಕ್ಕನೆ ನೆಲಕ್ಕೆ.

ಒಂದು ಕಾರು ನಿಲ್ಲುವ ಜಾಗದಲ್ಲಿ 8ರಿಂದ 10 ಸೈಕಲ್ ಹಿಡಿಯುತ್ತವೆ. ಮುಂದಿನ ಚಕ್ರವನ್ನಷ್ಟೇ ಸಿಕ್ಕಿಸುವ ಸ್ಟ್ಯಾಂಡ್ ಮಾತ್ರ ದಯವಿಟ್ಟು ಬೇಡ. ಸೈಕಲ್ ವಾಲಿದರೆ ರಿಮ್ ಸೊಟ್ಟಗಾಗುತ್ತದೆ, ಫ್ರೇಮಿಗೆ ಬೀಗ ಹಾಕಲೂ ಆಗದು. ದಪ್ಪ ಪೈಪನ್ನು ಕಮಾನಿನಂತೆ ಬಗ್ಗಿಸಿ, ನೆಲದಿಂದ ಸುಮಾರು 75 ಸೆಂ.ಮೀ. ಎತ್ತರ ಬರುವಂತೆ ಕಾಂಕ್ರೀಟಿನಲ್ಲಿ ನೆಟ್ಟರೆ ಸಾಕು. ಎರಡು ಬದಿಗೂ ಒಂದೊಂದು ಸೈಕಲ್ ಒರಗಿಸಬಹುದು. ಕಮಾನುಗಳ ನಡುವೆ 1 ಮೀಟರ್ ಬಿಡಲಿ. ಪೈಪಿಗೆ ಸತುವಿನ ಲೇಪ ಇರಲಿ. ಸುಮ್ನೆ ಪೇಂಟ್ ಬಳಿದರೆ ನಮ್ಮ ಮಳೆಗೆ ಎಷ್ಟು ದಿನ ತಡೆದೀತು? ಮೇಲೊಂದು ಶೀಟ್ ಹೊದಿಸಿದರೆ ಸೀಟೂ ನೆನೆಯುವುದಿಲ್ಲ.

ಜಾಗ ಬಸ್ ಸ್ಟ್ಯಾಂಡ್ ಪಕ್ಕದಲ್ಲೇ, ಜನ ಓಡಾಡುವ ಕಡೆ ಬೇಕು. ಹಿಂದಿನ ಮೂಲೆಯಲ್ಲಿ ಕಟ್ಟಿದರೆ ಅನುಕೂಲ ಕಳ್ಳರಿಗೇ, ಅಲ್ವಾ? ಸಂಬಂಧಪಟ್ಟವರು ಮೊದಲು ಅಲ್ಲೊಂದು ಸಾಲು ಹಾಕಿಸಿ ನೋಡಲಿ.

– ಒಬ್ಬ ಓದುಗ, ಕುಶಾಲನಗರ