ದ್ವೀಪದ ಅಡುಗೆಮನೆಗೆ, ಸ್ಟಾಫ್ ರೂಮಿಗೆ: ಹೊರಡುವ ಮುನ್ನ ಥ್ಯಾಂಕ್ಸ್

ಮಾಲ್ದೀವ್ಸ್‌ನ ಉತ್ತರದ ಒಂದು ಪುಟ್ಟ ದ್ವೀಪದ ಶಾಲೆಯಲ್ಲಿ ನಮ್ಮ ಒಪ್ಪಂದದ ಅವಧಿ ಈ ವಾರ ಮುಗಿಯುತ್ತಿದೆ. ಕ್ಲಾಸಿನ ಪಾಠ ಹೇಗೋ ನಡೆಯುತ್ತದೆ. ಇಲ್ಲಿಗೆ ಬರುವ ಟೀಚರುಗಳಿಗೆ ನಿಜವಾದ ಪರೀಕ್ಷೆ ಮಧ್ಯಾಹ್ನದ ಡಬ್ಬಿ. ಆ ಪರೀಕ್ಷೆ ಪಾಸು ಮಾಡಿಸಿದವರಿಗೆಲ್ಲ ಈ ಬರಹ. ಅವರು ಏನೇನು ಹೇಳಿಕೊಟ್ಟರು ಅನ್ನುವುದನ್ನೂ ಜೊತೆಗೇ ಬರೆಯುತ್ತಿದ್ದೇವೆ. ಮುಂದೆ ಬರುವ ಕನ್ನಡದ ಟೀಚರುಗಳಿಗೆ ಬರೀ ನಮಸ್ಕಾರದಿಂದ ಇಡ್ಲಿ ಉಬ್ಬುವುದಿಲ್ಲ ನೋಡಿ.

ಮೊದಲು ಜೆಟ್ಟಿ ಪಕ್ಕದ ಅಂಗಡಿಯ ಅಣ್ಣನಿಗೆ. ಅಕ್ಕಿ, ಸಕ್ಕರೆ, ಈರುಳ್ಳಿ, ಆಲೂಗಡ್ಡೆಗೆ ಇಲ್ಲಿ ಅಷ್ಟು ತೊಂದರೆಯಿಲ್ಲ. ಭಾರತ ರಫ್ತಿಗೆ ತಡೆ ಹಾಕಿದಾಗಲೂ 1981ರ ವ್ಯಾಪಾರ ಒಪ್ಪಂದದ ಪ್ರಕಾರ ಮಾಲ್ದೀವ್ಸ್‌ಗೆ ಬೇರೆ ಕೋಟಾ ಇರುತ್ತದೆ, ಬೇಳೆಯೂ ಅದರಲ್ಲಿದೆ. ಉದ್ದಿನಬೇಳೆ, ಹುಣಸೆಹಣ್ಣು, ಹಸಿ ತರಕಾರಿ ಮಾತ್ರ ರಾಜಧಾನಿ ಮಾಲೆಯಿಂದ ಸರಕಿನ ದೋಣಿಯಲ್ಲಿ ಬರಬೇಕು. ಮೇ ತಿಂಗಳಿಂದ ಅಕ್ಟೋಬರ್‌ವರೆಗಿನ ಮಳೆಗಾಲದಲ್ಲಿ ಕಡಲು ಎದ್ದರೆ ದೋಣಿ ಹೊರಡುವುದಿಲ್ಲ. ಆಗ ಬೀನ್ಸ್, ಎಲೆಕೋಸಿನ ಆಸೆ ಬಿಟ್ಟು ಊರಲ್ಲೇ ಬೆಳೆಯುವ ಸಿಹಿಗುಂಬಳ, ಬದನೆ, ಪಪ್ಪಾಯಿಕಾಯಿ, ನುಗ್ಗೆಸೊಪ್ಪಿಗೆ ಒಗ್ಗಿಕೊಳ್ಳಬೇಕು. ದೋಣಿ ಬರುವ ಸಂಜೆ ನಮಗೆಂದು ಉದ್ದಿನ ಪ್ಯಾಕೆಟ್ ಎತ್ತಿಡುತ್ತಿದ್ದ ಆ ಅಣ್ಣನ ಋಣ ದೊಡ್ಡದು.

ಮೇಲಿನ ಮನೆಯ ತಮಿಳುನಾಡಿನ ಮ್ಯಾಥ್ಸ್ ಮಿಸ್‌ಗೆ ಇಡ್ಲಿಯ ಥ್ಯಾಂಕ್ಸ್. ಇಡ್ಲಿ ಅಕ್ಕಿ ಸಿಗದ ಜಾಗದಲ್ಲಿ ಅವರ ಅಳತೆ ಇದು: ಬೆಳ್ತಿಗೆ ಅಕ್ಕಿ 3 ಲೋಟ, ಉದ್ದು 1 ಲೋಟ, ತಣ್ಣಗಾದ ಅನ್ನ ಅರ್ಧ ಲೋಟ, ಮೆಂತ್ಯ 1 ಚಮಚ. ಉದ್ದು ನುಣ್ಣಗೆ, ಅಕ್ಕಿ ಸಣ್ಣ ತರಿ. ಅನ್ನ ಹಾಕದಿದ್ದರೆ ಬೆಳ್ತಿಗೆ ಅಕ್ಕಿಯ ಇಡ್ಲಿ ಆರುತ್ತಲೇ ಗಟ್ಟಿ. ಇಲ್ಲಿ ರಾತ್ರಿಯೂ ಸೆಕೆ ಇಳಿಯುವುದಿಲ್ಲ, 27 ಡಿಗ್ರಿ ಆಸುಪಾಸು. ಅದರ ಮೇಲೆ ಮಿಕ್ಸಿಯ ಬಿಸಿಯೂ ಸೇರಿದರೆ ಹಿಟ್ಟು ಬೆಳಗಾಗುವಷ್ಟರಲ್ಲಿ ಉಕ್ಕಿ ಹುಳಿಯಾಗಿರುತ್ತದೆ. ಅದಕ್ಕೇ ಐಸ್ ನೀರಲ್ಲಿ ರುಬ್ಬಿ, ಉಪ್ಪನ್ನು ಆಗಲೇ ಹಾಕಿ (ಉಪ್ಪು ಹುದುಗುವುದನ್ನು ನಿಧಾನ ಮಾಡುತ್ತದೆ), ಆರೇಳು ಗಂಟೆ ಹುದುಗಿದ ಮೇಲೆ ಫ್ರಿಜ್ಜಿಗೆ ಸೇರಿಸಬೇಕು. ಶುಕ್ರವಾರ, ಶನಿವಾರ ರಜೆ, ಭಾನುವಾರ ಬೆಳಗ್ಗೆಯೇ ಶಾಲೆ. ಹಾಗಾಗಿ ರುಬ್ಬುವ ಹೊತ್ತು ಶನಿವಾರ ಮಧ್ಯಾಹ್ನ. ನೋಟ್ಸ್ ತಿದ್ದುವುದೂ ಅದೇ ಹೊತ್ತಿಗೆ, ಹಿಟ್ಟಿನ ಮೇಲೊಂದು ಕಣ್ಣಿಟ್ಟು.

ಲ್ಯಾಬ್ ಅಸಿಸ್ಟೆಂಟ್ ತಮ್ಮ ನಮ್ಮ ಮಿಕ್ಸಿಗಳ ಜೀವ ಉಳಿಸಿದವನು. ವೋಲ್ಟೇಜ್ ನಮ್ಮೂರಿನದೇ, 230. ಸಾಕೆಟ್ ಮಾತ್ರ ಚೌಕ ಪಿನ್ನಿನ ಬ್ರಿಟಿಷ್ ಮಾದರಿ. 6 ಆಂಪಿಯರಿನ ಅಗ್ಗದ ಅಡಾಪ್ಟರಿಗೆ 2000 ವಾಟಿನ ಇಂಡಕ್ಷನ್ ಸ್ಟವ್ ಹಾಕಿದರೆ ಅದು ಒಂಬತ್ತು ಆಂಪಿಯರ್ ಹತ್ತಿರ ಎಳೆಯುತ್ತದೆ, ಪ್ಲಾಸ್ಟಿಕ್ ಕರಗುತ್ತದೆ. ಹಳೆ ಪ್ಲಗ್ ಕತ್ತರಿಸಿ ಫ್ಯೂಸ್ ಇರುವ 13 ಆಂಪಿಯರಿನ ಪ್ಲಗ್ಗನ್ನೇ ಕೂರಿಸುವುದು ಸರಿ. ಹಸಿರು-ಹಳದಿ ತಂತಿ ಮೇಲಿನ ಉದ್ದ ಪಿನ್ನಿಗೆ, ಕಂದು ಫ್ಯೂಸಿನ ಕಡೆಗೆ, ನೀಲಿ ಉಳಿದದ್ದಕ್ಕೆ. ತಂತಿಯ ಬಣ್ಣ ಬೇರೆಯಿದ್ದರೆ ಊಹಿಸಬೇಡಿ, ಅವನನ್ನೇ ಕರೆಯಿರಿ.

ಮನೆಯೊಡತಿ ದತ್ತಾಗೆ (ಇಲ್ಲಿನ ಮಾತಿನಲ್ಲಿ ದತ್ತಾ ಅಂದರೆ ಅಕ್ಕ) ಎಷ್ಟು ಹೇಳಿದರೂ ಸಾಲದು. ಮೀನು ತಿನ್ನುವವರಿಗೆ ಅವರು ಮೊದಲು ಕಲಿಸಿದ್ದು ಅಡುಗೆಯನ್ನಲ್ಲ, ಟ್ಯೂನಾ ಆರಿಸುವುದನ್ನು. ಹಿಡಿದ ಮೀನು ಐಸ್ ಇಲ್ಲದೆ ಬಿಸಿಲಲ್ಲಿ ಕೂತರೆ ಅದರಲ್ಲಿ ಹಿಸ್ಟಮೀನ್ ಹುಟ್ಟುತ್ತದೆ. ಕುದಿಸಿದರೂ ಹುರಿದರೂ ಅದು ಹೋಗುವುದಿಲ್ಲ. ನಾಲಿಗೆಗೆ ಮೆಣಸಿನಂಥ ಚುರುಕು ತಾಗಿದರೆ ತುತ್ತು ಉಗಿದುಬಿಡಿ. ಗರುಧಿಯಾ ಅಂದರೆ ನೀರು, ಉಪ್ಪು, ಟ್ಯೂನಾ ತುಂಡು, ಅಷ್ಟೇ. ಆದರೆ ಕುದಿ ಬಂದಾಗ ಏಳುವ ನೊರೆಯನ್ನು ಬಿಡದೆ ತೆಗೆಯಬೇಕು, ಇಲ್ಲದಿದ್ದರೆ ಸಾರು ಕದಡುತ್ತದೆ. ಮಸ್ ಹುನಿಗೆ ಮೊದಲು ಈರುಳ್ಳಿ, ಮೆಣಸಿನಕಾಯಿ, ಉಪ್ಪು, ನಿಂಬೆರಸ ಕೈಯಲ್ಲೇ ಚೆನ್ನಾಗಿ ಹಿಸುಕಿ, ಆಮೇಲೆ ಮೀನು, ಕೊನೆಗೆ ತೆಂಗಿನತುರಿ. ತುರಿಯನ್ನು ಮೊದಲೇ ಹಾಕಿ ಹಿಸುಕಿದರೆ ಹಾಲು ಬಿಟ್ಟು ಮುದ್ದೆಯಾಗುತ್ತದೆ. ತುರಿಯುವುದಕ್ಕೆ ಹುನಿಗೊಂಡಿ ಇದೆ, ನಮ್ಮ ತುರಿಮಣೆಯ ಹಾಗೆ ಮೇಲೆ ಕೂತೇ ತುರಿಯುವುದು. ಸಸ್ಯಾಹಾರಿಗಳು ಮೀನಿನ ಬದಲು ಕೊಪಿಫೈ ಸೊಪ್ಪನ್ನು ಎಳೆ ಎಳೆಯಾಗಿ ಹೆಚ್ಚಿ ಹಾಕಿದರೆ ಕೋಸಂಬರಿಗೆ ಹತ್ತಿರ ಬರುತ್ತದೆ, ರುಚಿಯೂ ಮೋಸವಿಲ್ಲ. ಹಾಂ, ಸಂಜೆ ಟೀ ಜೊತೆ ಕೊಡುವ ಗುಳ್ಹ, ಬಜಿಯಾ ನೋಡಿ ಬೋಂಡಾ, ಸಮೋಸ ಅಂದುಕೊಳ್ಳಬೇಡಿ. ಒಳಗೆ ಟ್ಯೂನಾ ಇರುತ್ತದೆ. ಕೇಳಿಯೇ ಬಾಯಿಗಿಡಿ.

ಹಿತ್ತಲಿನ ಜೀಗುಜ್ಜೆ (ಬ್ರೆಡ್‌ಫ್ರೂಟ್) ಮರವೂ ದತ್ತಾದೇ. ದಕ್ಷಿಣ ಕನ್ನಡದವರಿಗೆ ಇದಕ್ಕಿಂತ ಭಾಗ್ಯ ಬೇಡ. ಕೈಗೆ, ಚಾಕುವಿಗೆ ಎಣ್ಣೆ ಸವರಿ ಹೆಚ್ಚಿ, ಅಂಟು ಹಿಡಿಯುತ್ತದೆ. ಪೋಡಿಗೆ, ಅಂದರೆ ಬಜ್ಜಿಗೆ, ಬಲಿತ ಕಾಯಿಯೇ ಆಗಬೇಕು. ಹಣ್ಣಾಗಲು ಶುರುವಾದರೆ ಎಣ್ಣೆ ಹೀರುತ್ತದೆ, ಒಳಗೆ ಬೇಯುವ ಮೊದಲೇ ಹೊರಗೆ ಕಪ್ಪು. ಕೊಯ್ದ ಮೇಲೆ ಎರಡು ಮೂರು ದಿನದಲ್ಲೇ ಮೆತ್ತಗಾಗುತ್ತದೆ. ಬಕೆಟ್ ನೀರಲ್ಲಿ ಮುಳುಗಿಸಿಟ್ಟರೆ ಸ್ವಲ್ಪ ತಡೆಯುತ್ತದೆ.

ಡಬ್ಬಿಯ ವಿಷಯದಲ್ಲಿ ಕೇರಳದ ಸಹೋದ್ಯೋಗಿಗಳ ಮಾತು ಪೂರ್ತಿ ನಿಜ: ತೆಂಗಿನಕಾಯಿ ಹಾಕಿದ್ದು ಬೆಳಗ್ಗೆಗೆ, ಮಧ್ಯಾಹ್ನಕ್ಕಲ್ಲ. ಮಧ್ಯಾಹ್ನದ ಎಕ್ಸ್‌ಟ್ರಾ ಕ್ಲಾಸ್ ಇರುವ ದಿನ ಚಿತ್ರಾನ್ನ, ಚಟ್ನಿಪುಡಿ, ಇಲ್ಲವೇ ಹಾಲು ಹೆಚ್ಚು, ಮೊಸರು ಒಂದೇ ಚಮಚ ಹಾಕಿ ಕಲಸಿದ ಮೊಸರನ್ನ. ರಂಜಾನ್ ತಿಂಗಳಲ್ಲಿ ಡಬ್ಬಿಯೇ ಬೇಡ. ಹಗಲು ಎಲ್ಲರ ಎದುರು ತಿನ್ನುವ ಹಾಗಿಲ್ಲ, ಕ್ಯಾಂಟೀನೂ ಮುಚ್ಚಿರುತ್ತದೆ. ಮನೆಗೆ ಹೋಗಿ ಉಣ್ಣುವುದು ಮರ್ಯಾದೆ. ಸಂಜೆ ಇಫ್ತಾರ್ ಹೊತ್ತಿಗೆ ತಟ್ಟೆ ತುಂಬಿಸಿ ಕಳಿಸಿದ ಮಕ್ಕಳ ಅಪ್ಪ ಅಮ್ಮಂದಿರಿಗೆಲ್ಲ ವಂದನೆ. ಲೆಸನ್ ಪ್ಲಾನ್ ತಿದ್ದಿಕೊಟ್ಟ ಲೀಡಿಂಗ್ ಟೀಚರಿಗೂ.

ರಾಗಿಹಿಟ್ಟು, ಸಾರಿನಪುಡಿ ತರುವವರು ಬಂದ ದಿನವೇ ಗಾಳಿಯಾಡದ ಡಬ್ಬಿಯಲ್ಲಿ ತುಂಬಿ ನಾಲ್ಕು ದಿನ ಫ್ರೀಜರಿನಲ್ಲಿಡಿ, ಹುಳದ ಮೊಟ್ಟೆಯೂ ಸಾಯುತ್ತದೆ. ಹೊರತೆಗೆದ ಮೇಲೆ ತಣ್ಣಗಿರುವಾಗಲೇ ಮುಚ್ಚಳ ತೆಗೆದರೆ ಒಳಗೆ ನೀರು ಕಟ್ಟಿ ಹಿಟ್ಟು ಗಂಟಾಗುತ್ತದೆ. ರೂಮಿನ ಬಿಸಿಗೆ ಬರುವ ತನಕ ಕಾಯಿರಿ.

ಮುಂದಿನವರಿಗೆ ಇಡ್ಲಿ ಪಾತ್ರೆ, ಪ್ಲಗ್ ಬದಲಿಸಿದ ಮಿಕ್ಸಿ, ಎರಡು ಕುಕ್ಕರ್ ದತ್ತಾ ಮನೆಯಲ್ಲಿ ಬಿಟ್ಟಿದ್ದೇವೆ. ಚಿಕ್ಕ ಕುಕ್ಕರಿನ ಗ್ಯಾಸ್ಕೆಟ್ ಸಡಿಲಾಗಿದೆ. ಅದರ ಅಳತೆ ಮಾಲೆಯಲ್ಲಿ ಹುಡುಕುವುದು ಕಷ್ಟ, ಬರುವಾಗ 3 ಲೀಟರಿನದೊಂದು ತನ್ನಿ.