ನವೋದಯದ ಅರ್ಜಿ ತುಂಬುವ ಮೊದಲು

ಪ್ರೀತಿಯ ಮಗಳೇ,

"ಕಾಕಾನ ಮಾತು ಕೇಳಿದ್ದರೆ ನನಗೆ ನವೋದಯದಲ್ಲಿ ಸೀಟು ಸಲೀಸಾಗಿ ಸಿಗ್ತಿತ್ತು, ನೀನೇ ಬೇಡ ಅಂದೆ" ಎಂದು ಮುನಿಸಿಕೊಂಡಿದ್ದೀಯ. ಎದುರಿಗೆ ಕೂತು ಹೇಳಲು ಹೋದರೆ ಎದ್ದು ಹೋಗುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ನೀನು ಮೂರನೇ ಕ್ಲಾಸಿಗೆ ಬಂದಾಗ ಕಾಕಾ ಹೇಳಿದ್ದು ಇಷ್ಟು: ಹೆಸರು ಊರ ಶಾಲೆಯಲ್ಲಿರಲಿ, ಹುಡುಗಿ ಹುಬ್ಬಳ್ಳಿಯಲ್ಲೇ ಓದಲಿ. ನವೋದಯ ಅಂದರೆ ಕೇಂದ್ರ ಸರ್ಕಾರದ ವಸತಿ ಶಾಲೆ. ಅಲ್ಲಿ ಆರನೇ ತರಗತಿಗೆ ಇರುವುದು ಹೆಚ್ಚೆಂದರೆ 80 ಸೀಟು. ಕನಿಷ್ಠ ಶೇ. 75 ಹಳ್ಳಿ ಮಕ್ಕಳಿಗೆ. ಆ ಪಾಲು ಬೇಕೆಂದರೆ 3, 4, 5ನೇ ತರಗತಿ ಪೂರ್ತಿ ಹಳ್ಳಿ ಶಾಲೆಯಲ್ಲೇ ಓದಿರಬೇಕು. ನಡುವೆ ಒಂದೇ ಒಂದು ದಿನ ಪೇಟೆ ಶಾಲೆಯಲ್ಲಿ ಓದಿದರೂ ಆ ಮಗು ನಗರದ ಲೆಕ್ಕಕ್ಕೆ ಹೋಗುತ್ತದೆ.

ಇಷ್ಟು ಬಿಗಿ ಯಾಕೆ? 1986ರ ಶಿಕ್ಷಣ ನೀತಿಯಲ್ಲಿ ಈ ಶಾಲೆಗಳು ಬಂದದ್ದೇ ಹಳ್ಳಿಯ ಜಾಣ ಮಕ್ಕಳಿಗಾಗಿ. ಊಟ, ವಸತಿ, ಪುಸ್ತಕ ಎಲ್ಲ ಸರ್ಕಾರದ್ದೇ. ಹಾಜರಿ ಪುಸ್ತಕದಲ್ಲಿ ಮಾತ್ರ ಹಳ್ಳಿಯವಳಾಗಿ ನೀನು ಒಳಗೆ ಹೋದರೆ, ಅಲ್ಲಿ ಒಬ್ಬ ಹಳ್ಳಿ ಹುಡುಗಿ ಹೊರಗೆ ಉಳಿಯುತ್ತಾಳೆ. ಇದರ ಪ್ರವೇಶ ಪರೀಕ್ಷೆ ಬರೆಯಲು ಒಂದೇ ಸಲ ಅವಕಾಶ. ಅವಳಿಗೆ ಮುಂದಿನ ವರ್ಷ ಅನ್ನುವುದೂ ಇಲ್ಲ.

"ಎಲ್ಲರಿಗೂ ಒಂದೇ ಪೇಪರ್, ಜಾಸ್ತಿ ಅಂಕ ತೆಗೆದವರಿಗೆ ಸೀಟು, ಇದರಲ್ಲಿ ಅನ್ಯಾಯ ಏನು?" ಅಂತ ಕೇಳಿದೆ. ಆ ಪೇಪರ್ ಹೇಗಿದೆ ನೋಡು. ಎರಡು ಗಂಟೆ, 80 ಪ್ರಶ್ನೆ, 100 ಅಂಕ. ಅದರಲ್ಲಿ 40 ಪ್ರಶ್ನೆ, ಅಂದರೆ 50 ಅಂಕ, ಬರೀ ಆಕೃತಿಗಳದ್ದು. ಗುಂಪಿಗೆ ಸೇರದ ಚಿತ್ರ ಯಾವುದು, ಕನ್ನಡಿಯಲ್ಲಿ ಹೇಗೆ ಕಾಣುತ್ತದೆ, ಅಂಥವು. ಉಳಿದದ್ದು ಗಣಿತ ಮತ್ತು ಭಾಷೆ. ನೀನು ಕೋಚಿಂಗ್‌ನಲ್ಲಿ ಈ ಆಕೃತಿಗಳನ್ನು ಮಾಡಿ ಮಾಡಿ ಈಗ ನೋಡಿದ ತಕ್ಷಣ ಉತ್ತರ ಹೇಳುತ್ತೀಯ.

ಬೇಸಿಗೆ ರಜೆಯಲ್ಲಿ ಅಜ್ಜಿ ಮನೆಯ ಪಕ್ಕದ ಹುಡುಗಿ ನಿನ್ನ ಗೈಡ್ ತಿರುವಿ ಹಾಕಿದ್ದು ನೆನಪಿದೆಯಾ? ನಿನ್ನದೇ ಕ್ಲಾಸು. ಕನ್ನಡಿ ಪ್ರಶ್ನೆ ಅವಳು ಕಂಡೇ ಇರಲಿಲ್ಲ. ಗೈಡ್ ಎತ್ತಿಕೊಂಡು ಹೋಗಿ ಅಜ್ಜಿಯ ಗೋಡೆ ಕನ್ನಡಿಗೆ ಹಿಡಿದಳು. "ಓ, ಎಡ ಬಲ ಆಗ್ತದ" ಅಂದಳು. ಆಮೇಲಿನ ನಾಲ್ಕೈದು ಪ್ರಶ್ನೆಗೆ ಕನ್ನಡಿ ಬೇಕಾಗಲಿಲ್ಲ, ಎಲ್ಲ ಸರಿ ಮಾಡಿದಳು. ಅವಳ ಶಾಲೆಯಲ್ಲಿ ಐದು ತರಗತಿಗೆ ಇಬ್ಬರೇ ಟೀಚರ್. ಇಂಥ ಪ್ರಶ್ನೆ ಅಭ್ಯಾಸ ಮಾಡಿಸಲು ಅವರಿಗೆ ಪುರುಸೊತ್ತೆಲ್ಲಿ? ಅವಳು ಪರೀಕ್ಷೆ ಕೋಣೆಯಲ್ಲೇ ಮೊದಲ ಸಲ ಆ ಚಿತ್ರ ನೋಡಿದರೆ ಅರ್ಥ ಮಾಡಿಕೊಳ್ಳುವಷ್ಟರಲ್ಲಿ ಸಮಯ ಮುಗಿದಿರುತ್ತದೆ. ಅಂಕಪಟ್ಟಿ ನೋಡಿದವರು ನೀನೇ ಜಾಣೆ ಅನ್ನುತ್ತಾರೆ. ನನಗೆ ಆ ಮಾತು ಒಪ್ಪಿಗೆಯಿಲ್ಲ.

ನಿಯಮ ಎಲ್ಲ ಸರಿಯಿದೆ ಅಂತ ನಾನೂ ಹೇಳುವುದಿಲ್ಲ. ನಮ್ಮ ಓಣಿಯ ಹಿಂದಿನ ತಗಡಿನ ಮನೆಗಳ ಮಕ್ಕಳು ಸರ್ಕಾರಿ ಶಾಲೆಗೇ ಹೋಗುತ್ತಾರೆ, ಆದರೆ ಈ ಲೆಕ್ಕದಲ್ಲಿ ಅವರೂ ನಗರದವರೇ. ಹಳ್ಳಿಯಲ್ಲಿ ಖಾಸಗಿ ಶಾಲೆಗೆ ಹೋಗುವ ದೊಡ್ಡ ಜಮೀನುದಾರನ ಮಗ ಗ್ರಾಮೀಣ. ಇದು ಬದಲಾಗಬೇಕು. ಪ್ರತಿ ಸರ್ಕಾರಿ ಶಾಲೆಯ ಐದನೇ ತರಗತಿಗೂ ಈ ಅಭ್ಯಾಸದ ಹಾಳೆಗಳು ಪುಕ್ಕಟೆ ಹೋಗಬೇಕು. ಆದರೆ ನಿಯಮದಲ್ಲಿ ತೂತು ಇದೆ ಅಂತ ನಾವೂ ಅದರಲ್ಲಿ ನುಗ್ಗಬೇಕಾ?

ನಿನ್ನ ಅರ್ಜಿಯಲ್ಲಿ ನಗರ ಎಂದೇ ತುಂಬುತ್ತೇನೆ. ಉಳಿದ ಸೀಟುಗಳಿಗೆ ಹಳ್ಳಿ, ಪೇಟೆ ಎಲ್ಲರೂ ಪೈಪೋಟಿ ಮಾಡಬಹುದು. ಕಷ್ಟವಿದೆ, ಆದರೂ ಬರೆ. ಸಿಕ್ಕರೆ ಹಾಸಿಗೆ ಕಟ್ಟಿಕೊಡುತ್ತೇನೆ. ಸಿಗದಿದ್ದರೆ ಈಗಿನ ಶಾಲೆ ಇದ್ದೇ ಇದೆ.

ಆ ಹುಡುಗಿಯ ಅರ್ಜಿ ತುಂಬಿದ್ದಾರೋ ಇಲ್ಲವೋ ಅಂತ ಅಜ್ಜಿಗೆ ಇವತ್ತೇ ಫೋನ್ ಮಾಡಿ ಕೇಳುತ್ತೇನೆ. ಆನ್‌ಲೈನ್‌ನಲ್ಲಿ ತುಂಬಬೇಕು, ಹೆಡ್‌ಮಾಸ್ತರ ಸಹಿ ಬೇಕು, ಫೋಟೋ ಬೇಕು. ಅವಳ ಅಪ್ಪನಿಗೆ ಇದೆಲ್ಲ ಗೊತ್ತಿರಲಿಕ್ಕಿಲ್ಲ. ಭಾನುವಾರ ಊರಿಗೆ ಹೋಗೋಣ. ನೀನು ಮಾಡಿ ಮುಗಿಸಿದ ಹಳೇ ಪ್ರಶ್ನೆಪತ್ರಿಕೆಗಳ ಉತ್ತರ ಅಳಿಸಿ ಬ್ಯಾಗಿಗೆ ಹಾಕಿಟ್ಟಿರು.

ನಿನ್ನ,
ಅವ್ವ